2647 ಆದಮೇಲೆ 2659

ಜೋಗುಪಾಳ್ಯ, ಬೆಂಗಳೂರು
4 ಆಗಸ್ಟ್ 1997

ಪ್ರೀತಿಯ ಪ್ರೇಮತ್ತೆ,

ಮದುವೆಯಾಗಿ ಇವತ್ತಿಗೆ ಎಪ್ಪತ್ತಮೂರು ದಿನ. ಎಪ್ಪತ್ತಮೂರು ಅವಿಭಾಜ್ಯ ಸಂಖ್ಯೆ, ಒಂದು ಮತ್ತು ತಾನು ಬಿಟ್ಟರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ ಎಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೇದಾರ್‌ಗೆ ಹೇಳಿದೆ. "ಹಾಗಾದ್ರೆ ಇವತ್ತು ಉಪ್ಪಿಟ್ಟೂ ಭಾಗ ಮಾಡೋ ಹಾಗಿಲ್ಲ" ಎಂದು ಬಾಣಲೆಯನ್ನೇ ತನ್ನ ಕಡೆ ಎಳೆದುಕೊಂಡ. ಆಷಾಢದ ತಿಂಗಳು ನಾನು ಕೆ.ಆರ್. ಪುರದಲ್ಲಿ ಅಪ್ಪನ ಮನೆಯಲ್ಲಿದ್ದೆನಲ್ಲ, ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದಂತೆ. ನಿನ್ನೆ ಸಂಜೆ ಬಸ್ ಸ್ಟಾಪಿನಲ್ಲಿ ನನಗಾಗಿ ಕಾಯುತ್ತಾ ನಿಂತವನ ಮುಖ ನೀವು ನೋಡಬೇಕಿತ್ತು. ಅದನ್ನೆಲ್ಲ ಬರೆದರೆ ಅಪ್ಪನ ಅಕ್ಕನಿಗೆ ಬರೆಯುವ ಪತ್ರವಾಗುವುದಿಲ್ಲ, ಬಿಟ್ಟಿದ್ದೇನೆ.

ನಮ್ಮದು ಮಹಡಿಯ ಮೇಲಿನ ಎರಡು ಕೋಣೆ. ಕೆಳಗೆ ಮನೆಯೊಡೆಯರು ಮುನಿಆಂಜನಪ್ಪ ಮತ್ತು ಅವರ ಹೆಂಡತಿ ಆಂಜನಮ್ಮ. ಈಗ ಕೇದಾರ್‌ನ ಆಫೀಸಿರುವ ಹಂಡ್ರೆಡ್ ಫೀಟ್ ರೋಡಿನ ಹತ್ತಿರವೇ ಇವರ ರಾಗಿ ಹೊಲವಿತ್ತಂತೆ. ನಾನು ಮೇಲಿನಿಂದ "ಕೇದಾರ್, ಬೀಗ ಮರೆತೆ" ಎಂದು ಕೂಗಿದಾಗೆಲ್ಲ ಆಂಜನಮ್ಮ ಹೊರಗೆ ಬಂದು, "ಏನಮ್ಮಿ, ಗಂಡನ್ನ ಹಂಗೆ ಹೆಸರಿಡ್ದು ಕೂಗ್ತೀಯಲ್ಲ, ದನ ಕೂಗ್ದಂಗೆ" ಎನ್ನುತ್ತಾರೆ. ನನಗೆ ನಗು ತಡೆಯಲಾಗುವುದಿಲ್ಲ.

ಮದುವೆಯಲ್ಲಿ ಎಲ್ಲರೂ ಕುಕ್ಕರ್ ಕೊಟ್ಟರು, ನೀವೊಬ್ಬರೇ ನಿಮ್ಮ ಕೈಬರಹದ ನೋಟ್‌ಬುಕ್ ಕೊಟ್ಟಿರಿ. ಹತ್ತು ಸಾವಿರದೊಳಗಿನ ಅಷ್ಟೂ ಅವಿಭಾಜ್ಯ ಸಂಖ್ಯೆಗಳು, ಪುಟಕ್ಕೆ ನಲವತ್ತು. ಆಗ ನಗು ಬಂದದ್ದು ನಿಜ. ಈಗ ಮಧ್ಯಾಹ್ನವೆಲ್ಲ ಖಾಲಿ, ನನಗೆ ಕೆಲಸ ಸಿಗುವವರೆಗೆ ಏನಾದರೂ ಬೇಕು. ನಿಮ್ಮ ಆ ದೊಡ್ಡ ಸಂಖ್ಯೆಯ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡಬೇಕು ಎನ್ನುತ್ತಿದ್ದಿರಲ್ಲ. ನಾನು ನೋಡಲೇ?

ನಿಮ್ಮ
ಪ್ರತಿಭಾ


ಗದಗ
13 ಆಗಸ್ಟ್ 1997

ಚಿ. ಸೌ. ಪ್ರತಿಭಾಗೆ ಆಶೀರ್ವಾದಗಳು.

ನೀನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕನ್ನಡದಲ್ಲಿ ಎರಡು ಪುಟ ಬರೆದದ್ದು ಕಂಡು ಸಂತೋಷವಾಯಿತು. ತಾಳೆ ನೋಡು. ಒಬ್ಬರೇ ಮಾಡಿದ ಲೆಕ್ಕ ಅರ್ಧ ಲೆಕ್ಕ.

ಸಂಖ್ಯೆ 73939133. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಏಳರಿಂದ ಶುರುಮಾಡಿ ಬಲಕ್ಕೆ ಒಂದೊಂದೇ ಅಂಕಿ ಹಚ್ಚುತ್ತಾ ಹೋದೆ. 7, 73, 739, 7393, 73939, 739391, 7393913, 73939133. ಪ್ರತಿ ಹೆಜ್ಜೆಯಲ್ಲೂ ಸಂಖ್ಯೆ ಅವಿಭಾಜ್ಯವಾಗಿಯೇ ಉಳಿಯಬೇಕು ಎನ್ನುವುದು ಆಟದ ನಿಯಮ. ಈಗ ಬಲದಿಂದ ಒಂದೊಂದೇ ಅಂಕಿ ಅಳಿಸುತ್ತಾ ಬಾ, ಉಳಿದದ್ದು ಎಲ್ಲಿಯೂ ಮುರಿಯುವುದಿಲ್ಲ. ನಡುವೆ ಮುರಿದುಹೋದ ಬೇರೆ ದಾರಿಗಳನ್ನೂ ಸೇರಿಸಿ, ಇಲ್ಲಿಗೆ ಬರಲು ಶಾಲೆಯ ಕೆಲಸದ ಜೊತೆಗೆ ಹನ್ನೊಂದು ವರ್ಷ ಹಿಡಿಯಿತು.

8597ರವರೆಗೆ ಭಾಗಿಸಿದರೆ ಸಾಕು. 8599ನ್ನು 8599ರಿಂದ ಗುಣಿಸಿದರೇ ನಮ್ಮ ಸಂಖ್ಯೆಯನ್ನು ದಾಟುತ್ತದೆ. ಅದಕ್ಕಿಂತ ದೊಡ್ಡದು ಯಾವುದಾದರೂ ಭಾಗಿಸುವುದಾದರೆ ಅದರ ಜೊತೆಗಾರ ಚಿಕ್ಕದಿರಬೇಕು, ಮೊದಲೇ ಸಿಕ್ಕಿರುತ್ತಿತ್ತು.

ನಾನು ಮೂವತ್ತು ವರ್ಷ ಕಲಿಸಿದ ಶಾಲೆಗೆ ಈಗ ಐವತ್ತು ತುಂಬುತ್ತದೆ. ಸ್ಮರಣ ಸಂಚಿಕೆಗೆ ಒಂದು ಪುಟ ಬರೆದುಕೊಟ್ಟಿದ್ದೇನೆ. "ಈ ಸಂಖ್ಯೆಯನ್ನು ಭಾಗಿಸಬಹುದಾದ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯಿಂದಲೂ ಕೈಯಲ್ಲೇ ಭಾಗಿಸಿ ನೋಡಿದ್ದೇನೆ, ಎಲ್ಲಿಯೂ ಶೇಷ ಸೊನ್ನೆಯಾಗಲಿಲ್ಲ" ಎನ್ನುವುದು ಅದರ ಮುಖ್ಯ ವಾಕ್ಯ. ಜನವರಿ ಹದಿನೈದಕ್ಕೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನಿನ್ನ ತಾಳೆ ಮುಗಿಯಲಿ.

ಯಂತ್ರ ಮುಟ್ಟಬೇಡ. ಯಂತ್ರ ಹೌದು ಅನ್ನುತ್ತದೆ, ಇಲ್ಲ ಅನ್ನುತ್ತದೆ. ಪ್ರತಿ ಬಾಗಿಲನ್ನೂ ಬಡಿದು ಬಂದವರು ಯಾರು ಎನ್ನುವುದು ನನಗೆ ಮುಖ್ಯ.

ಪ್ರೇಮತ್ತೆ


ಜೋಗುಪಾಳ್ಯ
21 ಸೆಪ್ಟೆಂಬರ್ 1997

ಪ್ರೀತಿಯ ಪ್ರೇಮತ್ತೆ,

ನಾಲ್ಕು ನೂರ ಹನ್ನೆರಡು ಭಾಗಾಕಾರ ಮುಗಿದಿವೆ. ಬೆರಳಿಗೆ ಗಂಟು ಬಂದಿದೆ. ಇಂದಿರಾನಗರದ ಅಂಗಡಿಯವರು ನನ್ನನ್ನು ಯಾವುದೋ ಟ್ಯೂಷನ್ ಕ್ಲಾಸಿನ ಟೀಚರ್ ಎಂದುಕೊಂಡು ನೋಟ್‌ಬುಕ್ಕಿಗೆ ರಿಯಾಯಿತಿ ಕೊಡುತ್ತಿದ್ದಾರೆ. ಅತ್ತೆ, ನನಗೆ ಈ ಸಂಖ್ಯೆಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿದೆ. ಅದನ್ನು ಯಾವ ಕಡೆಯಿಂದ ಹಿಡಿದರೂ ಏನೋ ಒಂದು ಚೂರು ಉಳಿಸಿಕೊಂಡು ಜಾರಿಕೊಳ್ಳುತ್ತದೆ. 1009ರಿಂದ ಭಾಗಿಸಿದ ದಿನ ಸಾಂಬಾರ್ ಹತ್ತಿತು, 1433ರಿಂದ ಭಾಗಿಸಿದ ದಿನ ಹಾಲು ಉಕ್ಕಿತು. ಆ ಪುಟಗಳ ಅಂಚಿನಲ್ಲಿ ಹಾಗೆಯೇ ಬರೆದಿಟ್ಟಿದ್ದೇನೆ.

ಒಂದು ತಪ್ಪೊಪ್ಪಿಗೆ ಇದೆ. ತಪ್ಪು ನನ್ನದಲ್ಲ, ಕೇದಾರ್‌ದು. ಗುರುವಾರ ಆಫೀಸಿನಿಂದ ಬಂದವನು ಶೂ ಬಿಚ್ಚದೆ ಬಾಗಿಲಲ್ಲೇ ನಿಂತ.

"ಪ್ರತಿ, ಊಟದ ಟೈಮಲ್ಲಿ ಒಂದು ಪ್ರೋಗ್ರಾಮ್ ಬರೆದೆ. ನಿಮ್ಮತ್ತೆ ನಂಬರ್ ಹಾಕಿದೆ. ಟೀ ಕುಡಿಯೋಷ್ಟ್ರಲ್ಲಿ ಹೇಳ್ಬಿಡ್ತು."

ನಾನು ಎರಡೂ ಕಿವಿ ಮುಚ್ಚಿಕೊಂಡೆ. "ಒಂದಕ್ಷರ ಹೇಳಿದ್ರೆ ಇವತ್ತೇ ಕೆ.ಆರ್. ಪುರಕ್ಕೆ ಬಸ್ ಹತ್ತುತ್ತೀನಿ."

"ಹೌದೋ ಇಲ್ವೋ ಅಷ್ಟೇ ಕಣೇ."

"ಅದೇ ಬೇಡ ಅಂದಿದ್ದು."

ಈಗ ಮನೆಯಲ್ಲಿ ಉತ್ತರ ಗೊತ್ತಿರುವ ಒಬ್ಬ ಮನುಷ್ಯ ಓಡಾಡುತ್ತಿದ್ದಾನೆ. ನಾನು ಭಾಗಾಕಾರ ಮಾಡುವಾಗ ಅವನು ನಕ್ಕರೆ ಒಂದು ಅನುಮಾನ, ನಗದಿದ್ದರೆ ಇನ್ನೊಂದು. ನಾಲ್ಕರಿಂದ ಆರು ಗಂಟೆಯವರೆಗೆ ನನ್ನ ಕಡೆ ಬೆನ್ನು ಹಾಕಿ ಕೂರಬೇಕು ಎಂದು ಭಾನುವಾರಗಳಿಗೆ ಕಾನೂನು ಮಾಡಿದ್ದೇನೆ. ಪಾಪ, ಕೂರುತ್ತಾನೆ. ಬೆನ್ನೂ ಚೆನ್ನಾಗಿದೆ ಎಂದು ಮಾತ್ರ ಹೇಳಿ ಮುಗಿಸುತ್ತೇನೆ.

ನಿಮ್ಮ
ಪ್ರತಿಭಾ


ಜೋಗುಪಾಳ್ಯ
2 ನವೆಂಬರ್ 1997

ಪ್ರೀತಿಯ ಪ್ರೇಮತ್ತೆ,

ದೀಪಾವಳಿ ಚೆನ್ನಾಗಿ ಆಯಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಮನಸ್ಸಿನಲ್ಲಿ ಬೇರೊಂದು ಸಂಗತಿ ಕುಳಿತಿದೆ.

ನಿನ್ನೆ ರಸೆಲ್ ಮಾರುಕಟ್ಟೆಗೆ ಹೂವು, ಹಣ್ಣು ತರಲು ಹೋಗಿದ್ದೆವು. ಅದರ ಹಿಂದಿನ ಗಲ್ಲಿಯಲ್ಲಿ ಗಯಾಜ್ ಎನ್ನುವವರು ಹಳೆಯ ಪುಸ್ತಕಗಳನ್ನು ತೂಕದ ಮೇಲೆ ಮಾರುತ್ತಾರೆ. ರಾಶಿಯಲ್ಲಿ ಒಂದು ಗಣಿತದ ಪುಸ್ತಕ ಸಿಕ್ಕಿತು. "ಮೇಡಂ, ಇದ್ರಲ್ಲಿ ಕಹಾನಿ ಇಲ್ಲ, ಬರೀ ನಂಬರ್ ಐತೆ" ಎಂದು ಅವರು ಎಚ್ಚರಿಸಿದರು. "ಅವಳಿಗೆ ಅದೇ ಕಹಾನಿ, ಭಾಯ್" ಎಂದ ಕೇದಾರ್.

ಬಸ್ಸಿನಲ್ಲೇ ತೆರೆದೆ. ಹತ್ತು ಸಾವಿರದೊಳಗೆ 1229 ಅವಿಭಾಜ್ಯ ಸಂಖ್ಯೆಗಳಿವೆ ಎಂದು ಅದರಲ್ಲಿದೆ. ಮನೆಗೆ ಬಂದು ನಿಮ್ಮ ನೋಟ್‌ಬುಕ್ ಎಣಿಸಿದೆ. ಮೂವತ್ತು ತುಂಬಿದ ಪುಟಗಳು, ಕೊನೆಯ ಪುಟದಲ್ಲಿ ಇಪ್ಪತ್ತೆಂಟು. 1228. ಮತ್ತೆ ಎಣಿಸಿದೆ. ಕೇದಾರ್‌ನಿಂದಲೂ ಎಣಿಕೆ ಮಾಡಿಸಿದೆ. ಆಂಜನಮ್ಮನವರ ಹುರುಳಿಕಾಳು ತಂದು ಪ್ರತಿ ಸಂಖ್ಯೆಯ ಮೇಲೆ ಒಂದೊಂದು ಇಟ್ಟು, ಆಮೇಲೆ ಕಾಳು ಎಣಿಸಿದೆ. 1228.

ಒಂದು ಕಡಿಮೆ ಇದೆ, ಅತ್ತೆ. ಅದು 8597ಕ್ಕಿಂತ ದೊಡ್ಡದಾಗಿದ್ದರೆ ನಮಗೆ ಸಂಬಂಧವೇ ಇಲ್ಲ. ಚಿಕ್ಕದಾಗಿದ್ದರೆ ನಾವಿಬ್ಬರೂ ಬಡಿಯದೆ ಬಿಟ್ಟ ಒಂದು ಬಾಗಿಲಿದೆ. ಆ ಒಂದೇ ನಮ್ಮ ಸಂಖ್ಯೆಯನ್ನು ಭಾಗಿಸಿಬಿಟ್ಟರೆ ಹನ್ನೊಂದು ವರ್ಷ ಏನಾಗುತ್ತದೆ ಎಂದು ಯೋಚಿಸಲೂ ನನಗೆ ಇಷ್ಟವಿಲ್ಲ.

ನಿಮ್ಮ
ಪ್ರತಿಭಾ


ಗದಗ
9 ನವೆಂಬರ್ 1997

ಚಿ. ಸೌ. ಪ್ರತಿಭಾಗೆ ಆಶೀರ್ವಾದಗಳು.

ಪುಸ್ತಕಗಳಲ್ಲೂ ತಪ್ಪಿರುತ್ತವೆ. ನಿನ್ನ ಭಾಗಾಕಾರ ಮುಂದುವರಿಸು.

ಇಲ್ಲಿ ಚಳಿ ಶುರುವಾಗಿದೆ. ಕೇದಾರನನ್ನು ಕೇಳಿದೆನೆಂದು ಹೇಳು.

ಪ್ರೇಮತ್ತೆ


ಜೋಗುಪಾಳ್ಯ
30 ನವೆಂಬರ್ 1997

ಪ್ರೀತಿಯ ಪ್ರೇಮತ್ತೆ,

ಪುಸ್ತಕ ತಪ್ಪೋ ನಾವು ತಪ್ಪೋ ಎಂದು ತಿಳಿಯದೆ ನನಗೆ ಊಟ ಸೇರಲಿಲ್ಲ. ನೀವೇ ಕಲಿಸಿದ ಜರಡಿ ಹಿಡಿದೆ. ಚೌಕುಳಿ ಹಾಳೆಗಳ ಮೇಲೆ ಒಂದರಿಂದ ಹತ್ತು ಸಾವಿರದವರೆಗೆ ಬರೆದೆ. ಎರಡರ ಮಗ್ಗಿಯಲ್ಲಿ ಬರುವುದನ್ನೆಲ್ಲ ಹೊಡೆದುಹಾಕಿದೆ, ಮೂರರ ಮಗ್ಗಿ, ಐದರ ಮಗ್ಗಿ, ಹಾಗೆಯೇ ತೊಂಬತ್ತೇಳರ ಮಗ್ಗಿಯವರೆಗೆ. ನೆಲದ ತುಂಬ ಹಾಳೆ. ಕೇದಾರ್ ಎರಡು ವಾರ ಗೋಡೆಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿ ಬಂದ. "ಮಗಾ, ಮದುವೆ ಆಗಿದ್ದು ನಿನ್ನನ್ನೋ ಮಗ್ಗಿ ಪುಸ್ತಕಾನೋ" ಎಂದು ಕೇಳಿದ. ಎರಡನ್ನೂ ಎಂದೆ.

ಉಳಿದವುಗಳನ್ನು ನಿಮ್ಮ ಪಟ್ಟಿಯ ಪಕ್ಕ ಇಟ್ಟು ಒಂದೊಂದೇ ಗುರುತು ಹಾಕುತ್ತಾ ಬಂದೆ. ಸಿಕ್ಕಿತು. ಹತ್ತನೆಯ ಪುಟ. 2647 ಆದಮೇಲೆ ನೀವು 2659 ಬರೆದಿದ್ದೀರಿ. ನಡುವೆ 2657 ಇದೆ. ಏಳರಿಂದ ಹಿಡಿದು ನಲವತ್ತೇಳರವರೆಗೆ ಎಲ್ಲದರಿಂದ ಭಾಗಿಸಿ ನೋಡಿದೆ, ಅದು ಅವಿಭಾಜ್ಯವೇ. ಆ ಪುಟದಲ್ಲಿ ಚಿತ್ತಿಲ್ಲ, ತಿದ್ದಿಲ್ಲ, ಎಷ್ಟು ಚೆಂದದ ಅಕ್ಷರ. ಕಣ್ತಪ್ಪಿ ಹೋಗಿದೆ ಅಷ್ಟೇ. ಹನ್ನೆರಡು ನೂರರಲ್ಲಿ ಒಂದು ಯಾರಿಗಾದರೂ ತಪ್ಪುತ್ತದೆ.

ಕೇದಾರ್‌ಗೆ 2657 ಎಂದು ತೋರಿಸಿದೆ. ಅವನು ತಟ್ಟನೆ ಕಿಟಕಿಯ ಕಡೆ ತಿರುಗಿ ಆಂಜನಮ್ಮನವರ ತೆಂಗಿನಮರವನ್ನು ಬಹಳ ಹೊತ್ತು ನೋಡಿದ. ಒಳ್ಳೆಯ ಸುದ್ದಿಗೂ ಅವನು ಹಾಗೆಯೇ ನೋಡುತ್ತಾನೆ, ಕೆಟ್ಟದ್ದಕ್ಕೂ.

ಉಳಿದ ಬಾಗಿಲುಗಳೆಲ್ಲ ಮುಗಿದಿವೆ, ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು ಕೂತಿದ್ದೇನೆ. ಆದರೂ ಈ ಒಂದು ಭಾಗಾಕಾರವನ್ನು ನಿಮ್ಮನ್ನು ಕೇಳದೆ ಮಾಡಲು ಮನಸ್ಸಾಗಲಿಲ್ಲ. ಬೇಗ ಬರೆಯಿರಿ. ಒಂದು ಕಾರ್ಡಿನಲ್ಲಿ 'ಮಾಡು' ಎಂದು ಬರೆದರೂ ಸಾಕು.

ನಿಮ್ಮ
ಪ್ರತಿಭಾ


ಗದಗ
22 ಡಿಸೆಂಬರ್ 1997

ಚಿ. ಸೌ. ಪ್ರತಿಭಾಗೆ,

ಮಾಡಬೇಡ.

ಅದು ಕಣ್ತಪ್ಪಿ ಹೋದದ್ದಲ್ಲ. ನಿನ್ನ ತಾಳೆ ಮುಗಿಯಿತು ಎಂದು ತಿಳಿದಿದ್ದೇನೆ. ಸಂಚಿಕೆಯ ಪುಟ ಆಗಲೇ ಶಾಲೆಗೆ ತಲುಪಿದೆ. ಇನ್ನು ಈ ವಿಷಯ ಬೇಡ.

ಪ್ರೇಮತ್ತೆ


ಜೋಗುಪಾಳ್ಯ
1 ಜನವರಿ 1998

ಪ್ರೀತಿಯ ಪ್ರೇಮತ್ತೆ,

ಹೊಸ ವರ್ಷದ ಮೊದಲ ಪತ್ರ ನಿಮಗೆ. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ.

ನಿಮ್ಮ ಕಾಗದ ಬಂದ ದಿನ ಕೆಳಗಿನ ಬೂತಿನಿಂದ ಅಪ್ಪನಿಗೆ ಫೋನ್ ಮಾಡಿದೆ. 2657 ಎಂದರೆ ಏನು ಎಂದು ಕೇಳಿದೆ. "ಪ್ರೇಮಕ್ಕನ ಯಜಮಾನ್ರು ಪೊಲೀಸ್‌ನ್ಯಾಗ ಇದ್ರಲ್ಲ, ಅವರ ನಂಬರ್ ಅದು. ಪೊಲೀಸ್ ಲೈನಿನ ಮನಿಗಳೊಳಗ ಎಲ್ಲಾರೂ ನಂಬರ್‌ಲೇನ ಕರೀತಿದ್ರು. ಮುಂದ ಕೇಳಬ್ಯಾಡವಾ" ಎಂದರು. ನಾನು ಕೇಳಲಿಲ್ಲ. ಮಾಮ ಬಹಳ ಹಿಂದೆ ತೀರಿಕೊಂಡರು ಎಂಬುದಷ್ಟೇ ನನಗೆ ಗೊತ್ತಿತ್ತು. ಮನೆಯಲ್ಲಿ ಅವರ ಫೋಟೊ ಕೂಡ ನೋಡಿದ ನೆನಪಿಲ್ಲ.

ಮೊದಲು ನನಗೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಒಂದು ಸಂಖ್ಯೆಯನ್ನು ಬರೆಯದೆ ಇರುವುದೆಂದರೇನು ಎಂದುಕೊಂಡೆ. ಮೊನ್ನೆ ಮತದಾರರ ಪಟ್ಟಿಯವರು ಬಂದಿದ್ದರು. ಆಂಜನಮ್ಮ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಯಜಮಾನ್ರ ಹೆಸರೇನಮ್ಮ?"

ಅವರು ಗಲ್ಲ ಎತ್ತಿ ನನ್ನನ್ನು ತೋರಿಸಿದರು. "ನೀನೇ ಹೇಳಮ್ಮಿ."

"ಮುನಿಆಂಜನಪ್ಪ" ಎಂದೆ.

"ನಿಮ್ಮ ಹೆಸರು?"

"ಅದೂ ಅವಳೇ ಹೇಳ್ತಾಳೆ."

ಬಂದವನು ಪೆನ್ನು ಎತ್ತಿಕೊಂಡು ನೋಡುತ್ತಾ ನಿಂತ. ಅವರ ಹೆಸರಿನಲ್ಲಿ ಗಂಡನ ಹೆಸರಿನ ಅರ್ಧ ಇದೆಯಲ್ಲ, ಹಾಗಾಗಿ ನಲವತ್ತೊಂದು ವರ್ಷದಿಂದ ತಮ್ಮ ಹೆಸರನ್ನೂ ತಾವು ಹೇಳಿಲ್ಲವಂತೆ. ಆತ ಹೋದಮೇಲೆ, "ಹೇಳಿದ್ರೆ ಏನಾಗುತ್ತೆ, ಆಂಜನಮ್ಮ?" ಎಂದು ಕೇಳಿದೆ. ನಗುತ್ತಲೇ ಕೇಳಿದ್ದು. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಏನೂ ಆಗಕಿಲ್ಲ. ಊರೋರೆಲ್ಲ ಕೂಗೋ ಹೆಸರು ಅದು. ನಾನ್ ಒಬ್ಬಳು ಕೂಗ್ದೇ ಇದ್ರೆ, ಅಷ್ಟು ನನ್ ಪಾಲಿಗೆ ಉಳೀತದೆ."

ಮೇಲೆ ಬಂದು ನಿಮ್ಮ ಹತ್ತನೆಯ ಪುಟ ಮತ್ತೆ ತೆರೆದೆ.

ಅತ್ತೆ, ನಾನು ಭಾಗಿಸಿಲ್ಲ. ಕೇದಾರ್ ಎರಡು ಸಲ "ಹೇಳ್ಬಿಡ್ಲಾ? ಒಂದೇ ಮಾತು" ಎಂದ. ಬೇಡ ಎಂದೆ. ಉತ್ತರ ಏನೇ ಇರಲಿ, ಅದು ಅವನ ಬಾಯಿಂದ ಬರುವಂಥದ್ದಲ್ಲ, ನನ್ನ ಪೆನ್ಸಿಲಿನಿಂದಲೂ ಅಲ್ಲ.

ಆದರೆ ಇನ್ನೊಂದು ಮಾತನ್ನೂ ಬರೆಯಲೇಬೇಕು. 'ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯಿಂದಲೂ' ಎಂದು ನೀವು ಬರೆದುಕೊಟ್ಟಿರುವ ವಾಕ್ಯ ಹಾಗೆಯೇ ಅಚ್ಚಾಗಬಾರದು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಉತ್ತರ ಸರಿಯಿದ್ದರೂ ಒಂದು ಮೆಟ್ಟಿಲು ಬಿಟ್ಟಿದ್ದಕ್ಕೆ ಇಡೀ ಲೆಕ್ಕಕ್ಕೆ ಸೊನ್ನೆ ಹಾಕಿದವರು ನೀವು. ರಜೆಯಲ್ಲಿ ಬಂದ ಮಗುವಿಗೂ ಮಾರ್ಕು ಹಾಕುತ್ತೀರಾ ಎಂದು ಅಮ್ಮ ಬೇಸರಮಾಡಿಕೊಂಡಿದ್ದರು. ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ, ಅಥವಾ ಭಾಗಿಸಿ. ಎರಡರಲ್ಲಿ ಯಾವುದನ್ನು ಮಾಡಿದರೂ ನಾನು ನಿಮ್ಮ ಜೊತೆಗಿದ್ದೇನೆ. ಎರಡನ್ನೂ ಮಾಡದಿದ್ದರೆ ನನ್ನ ಹೆಸರನ್ನು ತಾಳೆ ನೋಡಿದವಳೆಂದು ಹಾಕಬೇಡಿ.

ಚಿಕ್ಕವಳು ದೊಡ್ಡ ಮಾತಾಡಿದೆ. ಬೈದು ಬರೆಯಿರಿ, ಆದರೆ ಬರೆಯಿರಿ.

ನಿಮ್ಮ
ಪ್ರತಿಭಾ


ಗದಗ
11 ಜನವರಿ 1998

ಚಿ. ಸೌ. ಪ್ರತಿಭಾಗೆ ಆಶೀರ್ವಾದಗಳು.

ಬೈಯುವುದಿಲ್ಲ. ನಿನ್ನ ಪತ್ರವನ್ನು ಎಂಟು ದಿನ ದೇವರ ಗೂಡಿನಲ್ಲಿಟ್ಟಿದ್ದೆ.

ನಮ್ಮ ಸಂಸಾರ ಹದಿನಾಲ್ಕು ತಿಂಗಳು. ಪೊಲೀಸ್ ಲೈನಿನಲ್ಲಿ ಒಂದೇ ಕೋಣೆ. ಬೆಳಿಗ್ಗೆ ಜಮಾದಾರ ಅಂಗಳದಲ್ಲಿ ನಿಂತು "ಇಪ್ಪತ್ತಾರು ಐವತ್ತೇಳು" ಎಂದು ಕೂಗಿದರೆ ಇವರು ಒಳಗಿನಿಂದ "ಹಾಜರ್" ಎನ್ನುತ್ತಿದ್ದರು, ಬಾಯಲ್ಲಿ ರೊಟ್ಟಿ ಇದ್ದರೂ. ಹೆಸರು ಹೇಳಬಾರದು ಎಂದು ನನ್ನ ತಾಯಿ ಕಲಿಸಿ ಕಳಿಸಿದ್ದರು. ಅಲ್ಲಿ ಇವರ ಹೆಸರೇ ಅದಾದ್ದರಿಂದ ಅದನ್ನೂ ಹೇಳುತ್ತಿರಲಿಲ್ಲ. ವಿಷಮಶೀತ ಜ್ವರ ಒಂಬತ್ತು ದಿನ. ಆಮೇಲೆ ಠಾಣೆಯವರು ಬಂದು ಸೊಂಟಪಟ್ಟಿಯ ಮೇಲಿನ, ಆ ಸಂಖ್ಯೆ ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ವಾಪಸು ಒಯ್ದರು. ಅದು ಸರ್ಕಾರದ್ದು, ಒಯ್ಯಬೇಕಾದದ್ದೇ. ಕೋಣೆ ಬಿಡಲು ನನಗೆ ಒಂದು ತಿಂಗಳ ಅವಕಾಶವಿತ್ತು. ಅದು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಜಮಾದಾರ ಅದೇ ಸಂಖ್ಯೆ ಕೂಗಿದ. ಎದುರು ಸಾಲಿನಿಂದ ಬೇರೆ ಯಾರೋ "ಹಾಜರ್" ಎಂದರು. ಹೊಸ ಹುಡುಗ, ಅವನ ತಪ್ಪೇನಿಲ್ಲ. ನಾನು ಅಂದೇ ಗಂಟು ಕಟ್ಟಿ ನಿಮ್ಮಪ್ಪನ ಜೊತೆ ಹೊರಟೆ. ಆಮೇಲೆ ಓದಿದೆ, ಶಿಕ್ಷಕಿಯಾದೆ, ಗಣಿತ ಕಲಿಸಿದೆ.

ಪಟ್ಟಿ ಬರೆಯುವಾಗ ಕೈ ತಾನಾಗಿಯೇ 2647ರಿಂದ 2659ಕ್ಕೆ ಹೋಯಿತು. ಮೊದಲ ದಿನ ಗಮನಿಸಲಿಲ್ಲ ಎಂದು ಹೇಳಬಹುದು. ಎರಡನೆಯ ದಿನದಿಂದ ಗೊತ್ತಿತ್ತು. ಆ ಹೆಸರಿನಿಂದ ಭಾಗಿಸುವುದೆಂದರೆ ಅದನ್ನು ಕರೆದು ಕೆಲಸಕ್ಕೆ ಹಚ್ಚಿದಂತೆ ಎಂದು ಮನಸ್ಸಿಗೆ ಅನ್ನಿಸುತ್ತಿತ್ತು. ಗಣಿತ ಕಲಿಸುವವಳು ಇಂಥದ್ದನ್ನು ನಂಬಬಾರದು. ನಂಬಿದೆ. ನಿನಗೆ ಆ ನೋಟ್‌ಬುಕ್ ಕೊಡುವಾಗ ನೀನು ಕಂಡುಹಿಡಿಯಲಾರೆ ಎಂದುಕೊಂಡೆನೋ, ಕಂಡುಹಿಡಿಯಲಿ ಎಂದುಕೊಂಡೆನೋ, ಈಗಲೂ ತಿಳಿಯುತ್ತಿಲ್ಲ.

ಇವತ್ತು ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು, ಒಮ್ಮೆ ಬಾಯಿಬಿಟ್ಟು ಹೇಳಿದೆ. ಇಪ್ಪತ್ತಾರು ಐವತ್ತೇಳು. ಯಾರೂ ಓಗೊಡಲಿಲ್ಲ. ಹೊರಗೆ ಹಾಲಿನವನ ಸೈಕಲ್ ಹೋಯಿತು. ಆಮೇಲೆ ಭಾಗಿಸಲು ಕೂತೆ.

7393ರಲ್ಲಿ 2657 ಎರಡು ಸಲ, ಉಳಿದದ್ದು 2079. ಒಂಬತ್ತು ಇಳಿಸಿದೆ. 20799ರಲ್ಲಿ ಏಳು ಸಲ, ಉಳಿದದ್ದು 2200. ಒಂದು ಇಳಿಸಿದೆ. 22001ರಲ್ಲಿ ಎಂಟು ಸಲ, ಉಳಿದದ್ದು 745. ಮೂರು ಇಳಿಸಿದೆ. 7453ರಲ್ಲಿ ಎರಡು ಸಲ, ಉಳಿದದ್ದು 2139. ಇಲ್ಲಿಗೆ ಏಳು ಅಂಕಿಯ ಸಂಖ್ಯೆ ಭಾಗವಾಗದೆ ಉಳಿಯಿತು, ಅದಕ್ಕೂ ಈ ಬಾಗಿಲು ಬಾಕಿ ಇತ್ತು. ಕೊನೆಯ ಮೂರನ್ನು ಇಳಿಸುವ ಮೊದಲು ಎದ್ದು ನೀರು ಕುಡಿದು ಬಂದೆ. 21393ರಲ್ಲಿ ಎಂಟು ಸಲ, 21256.

ಶೇಷ 137.

ಭಾಗವಾಗಲಿಲ್ಲ, ಪ್ರತಿಭಾ. ಒಟ್ಟು 1070 ಬಾಗಿಲು, ಒಂದೂ ಬಿಟ್ಟಿಲ್ಲ. ವಾಕ್ಯ ಈಗ ನಿಜವಾಗಿದೆ, ಅಚ್ಚಾಗಲಿ. ಕೊನೆಯ ಬಾಗಿಲನ್ನು ನೀನೂ ಬಡಿದು ನೋಡು, ಸರಿಯಿದ್ದರೆ ತಾಳೆ ನೋಡಿದವಳೆಂದು ನಿನ್ನ ಹೆಸರು ಹಾಕಿಸುತ್ತೇನೆ. ಸಂಕ್ರಾಂತಿಯ ಮರುದಿನ, ಹದಿನೈದಕ್ಕೆ, ಶಾಲೆಗೆ ನಾನೇ ಹೋಗುತ್ತೇನೆ, ಅಷ್ಟರೊಳಗೆ ಕೆಳಗಿನ ಬೂತಿನಿಂದ ಫೋನ್ ಮಾಡಿ ತಿಳಿಸು. ಎದುರುಮನೆಯ ನಂಬರ್ ನಿಮ್ಮಪ್ಪನ ಹತ್ತಿರ ಇದೆ.

ಒಂಬತ್ತನೆಯ ಅಂಕಿ ಹಚ್ಚಬಹುದೋ ಎಂದು ಮಧ್ಯಾಹ್ನದಿಂದ ಯೋಚಿಸುತ್ತಿದ್ದೇನೆ. ಒಂದು ಮತ್ತು ಏಳು ಆಗುವುದಿಲ್ಲ, ಅಂಕಿಗಳನ್ನು ಕೂಡಿದರೆ ಮೂರರ ಮಗ್ಗಿಯಲ್ಲಿ ಬರುತ್ತದೆ. ಮೂರು ಮತ್ತು ಒಂಬತ್ತು ಉಳಿದಿವೆ. ಅವಕ್ಕೆ ಇಪ್ಪತ್ತೇಳು ಸಾವಿರದ ಇನ್ನೂರರವರೆಗಿನ ಜರಡಿ ಬೇಕು. ಹದಿನೆಂಟು ಸಾವಿರದವರೆಗೆ ನೀನು ಮಾಡು, ಅಲ್ಲಿಂದ ಮುಂದೆ ನಾನು. ಚೌಕುಳಿ ಹಾಳೆ ಇಲ್ಲಿ ಒಳ್ಳೆಯದು ಸಿಗುವುದಿಲ್ಲ. ಎರಡು ದಸ್ತು ಕಳಿಸು.

ಪ್ರೇಮತ್ತೆ